ಹೇಳಿ ಮಾಡಿಸಿದ ಗಾಡಿ

ಎಮಿಲ್‌ನ ಹಳೆಯ ಗೆಳೆಯ ವಾಲ್ಟ್ ಸ್ಟಾಂಕೊ ಶವಪೆಟ್ಟಿಗೆಯೊಳಗೆ ಕೈ ಚಾಚಿ, ಅವನ ಜೋಡಿಸಿಟ್ಟ ಕೈಗಳ ಪಕ್ಕದಲ್ಲಿ ಕಾರ್ ಕ್ಲಬ್ಬಿನ ಕೆಂಪು ಟೋಪಿಯನ್ನು ಸಿಕ್ಕಿಸುತ್ತಿದ್ದ. ಡೆಲ್ಫೀನ್ ಅವನ ಮಣಿಕಟ್ಟು ಹಿಡಿದುಕೊಂಡಳು.

"ಬೇಡ ವಾಲ್ಟ್. ತೆಗಿ ಅದನ್ನ."

"ಕ್ಲಬ್ಬಿನೋರೆಲ್ಲ ಸೇರಿ ಹೇಳಿದ್ದು ಕಣಮ್ಮ. ನಿನ್ ಗಂಡ ಒಂದು ಕಾಲದಲ್ಲಿ ಇದನ್ನ ಹಾಕ್ಕೊಂಡೇ ಮಲಗ್ತಿದ್ದ."

"ಆಮೇಲೆ ಮುಟ್ಟಲೂ ಇಲ್ಲ. ಗ್ಯಾರೇಜಿನ ಮೊಳೇಲಿ ಧೂಳು ಹಿಡಿದು ನೇತಾಡ್ತಿತ್ತು. ತೆಗಿ ಅಂದೆ."

ಮಗಳು ಮಾರ್ಲಾ ಹತ್ತಿರ ಬಂದಳು. ಅರಿಜೋನಾದಿಂದ ಮೊನ್ನೆ ಬಂದಿಳಿದವಳು. ಮಿಶಿಗನ್ನಿನ ನವೆಂಬರಿಗೆ ಸಾಲದ ತೆಳ್ಳನೆಯ ಕೋಟು. "ಹೋಗ್ಲಿ ಬಿಡಮ್ಮ, ಒಂದು ಟೋಪಿ. ಏನು ಗಂಟು ಹೋಗತ್ತೆ ನಿಂದು?"

"ಹೋಗತ್ತೆ," ಎಂದಳು ಡೆಲ್ಫೀನ್.

ಮುಚ್ಚಳ ಹಾಕಲು ಕಾದಿದ್ದ ಕರಿ ಸೂಟಿನವನು ಗೋಡೆ ನೋಡುತ್ತಾ ನಿಂತ. ವಾಲ್ಟ್ ಟೋಪಿಯನ್ನು ಮಡಿಸಿ ಜೇಬಿಗೆ ತುರುಕಿಕೊಂಡ. ಅವನ ಮುಖ ಸಣ್ಣದಾಯಿತು. ಡೆಲ್ಫೀನ್‌ಗೆ ಪಾಪ ಅನ್ನಿಸಿದ್ದೇನೋ ನಿಜ, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎಮಿಲ್‌ನ ಬೆರಳುಗಳಿಗೆ ಸುತ್ತಿದ್ದ ಜಪಮಾಲೆಯನ್ನು ಒಂದು ಸಲ ಸರಿಮಾಡಿ ಹಿಂದೆ ಸರಿದಳು.

ಚರ್ಚಿನಲ್ಲಿ ಫಾದರ್ ಆಂಬ್ರೋಸ್ ಚುಟುಕಾಗಿಯೇ ಮಾತಾಡಿದರು. ಅವರು ಈ ವೈಯಾಂಡಟ್ ಊರಿಗೆ ಬಂದು ಎರಡು ವರ್ಷವಷ್ಟೇ. ಎಮಿಲ್‌ನನ್ನು ಕಾಯಿಲೆಯ ಮಂಚದ ಮೇಲೆ ಮಾತ್ರ ನೋಡಿದ್ದವರು. ಯಾರನ್ನೋ ಕೇಳಿಕೊಂಡು ಬಂದಿದ್ದರು. "ಎಮಿಲ್ ಕುಬಿಯಾಕ್ ಅವರಿಗೆ ಇಬ್ಬರು ಪ್ರೇಯಸಿಯರು ಅಂತ ಕೇಳಿದೆ," ಅಂದರು. "ಒಬ್ಬರು ಡೆಲ್ಫೀನ್. ಇನ್ನೊಬ್ಬಳು ಅವರ ಶೆವೆಲ್ ಕಾರು." ಬೆಂಚುಗಳಲ್ಲಿ ಮೆಲ್ಲನೆ ನಗೆ ಹರಿಯಿತು. ಎಂಜಿನ್ ಕಾರ್ಖಾನೆಯಲ್ಲಿ ಎಮಿಲ್‌ನ ಜೊತೆ ದುಡಿದ ಮುದುಕರು ತಲೆ ಆಡಿಸಿದರು. ಡೆಲ್ಫೀನ್ ಮಂಡಿಯ ಮೇಲಿದ್ದ ತನ್ನ ಕೈಗವಸು ನೋಡುತ್ತಾ ಕುಳಿತಿದ್ದಳು.

* * *

ಮಣ್ಣು ಮುಗಿಸಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸ, ಸಾಸೇಜು, ಹುಳಿ ಎಲೆಕೋಸು, ಆಲೂಗೆಡ್ಡೆ ತುಂಬಿದ ಪಿಯರೋಗಿ ಕಡುಬು, ಕಾಗದದ ಲೋಟದಲ್ಲಿ ಕಾಫಿ. ತೊಯ್ದ ಕೋಟುಗಳ ವಾಸನೆ. ಹೊರಗೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ಎಂಥದೋ ಸುರಿಯುತ್ತಿತ್ತು. ಹೊಟ್ಟೆಗೆ ಬಿಸಿ ಬಿದ್ದಂತೆ ಗಂಡಸರ ದನಿ ಏರಿತು. ಯಾರೋ ವಾಲ್ಟ್‌ನನ್ನು ಎಬ್ಬಿಸಿ ನಿಲ್ಲಿಸಿದರು. "ನೀನು ಹೇಳೋ, ಅವನ ಡೈಲಾಗು ಹೇಳು."

"ಈಗ ಬೇಡ ಬಿಡ್ರೋ."

"ಹೇಳಪ್ಪ. ಎಮಿಲ್ ಇದ್ದಿದ್ರೆ ಅವನೇ ಹೇಳ್ತಿದ್ದ."

ವಾಲ್ಟ್ ಗಂಟಲು ಸರಿಮಾಡಿಕೊಂಡ. "ಬೇಸಿಗೆ ಬಂತು ಅಂದ್ರೆ ಭಾನುವಾರ ಪಾರ್ಕ್ ತುಂಬ ಗಾಡಿಗಳು. ಬಾನೆಟ್ ಎತ್ತಿ ನಿಲ್ಸಿರ್ತಿದ್ವಿ. ಯಾರೋ ಒಬ್ಬ ಬರೋನು. ಎಮಿಲ್‌ನ ಶೆವೆಲ್ ಎಂಜಿನ್ ನೋಡಿ, 'ಆಹಾ!' ಅನ್ನೋನು. ಆಮೇಲೆ ಕಿಟಕೀಲಿ ತಲೆ ತೂರಿಸೋನು. ಸ್ಟಿಯರಿಂಗ್ ಪಕ್ಕ ಆಟೋಮ್ಯಾಟಿಕ್ ಗೇರಿನ ಕಡ್ಡಿ, ನಮ್ಮಜ್ಜಿ ಸೋಫಾ ಥರದ ಉದ್ದ ಸೀಟು. 'ಅಯ್ಯೋ, ಇಂಥಾ ಎಂಜಿನ್ನಿಗೆ ಏನ್ ಸ್ವಾಮಿ ಇದು?' ಅನ್ನೋನು. ಆಗ ನಮ್ ಎಮಿಲ್ ಕುರ್ಚೀಲಿ ಹಿಂದಕ್ಕೆ ಒರಗಿಕೊಂಡು—"

"ಎಂಜಿನ್ ಮಾತ್ರ ನಂದು, ಮಿಕ್ಕಿದ್ದೆಲ್ಲ ನನ್ನ ಹೆಂಡ್ತಿ ಆರ್ಡರು!" ಎಂದು ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಮೇಜುಗಳು ಅದುರುವಂತೆ ನಕ್ಕರು. ಮಾರ್ಲಾ ಕೂಡ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

ಡೆಲ್ಫೀನ್ ಫೋರ್ಕನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಪೂರ್ತಿ ಹೇಳು ವಾಲ್ಟ್. ಇನ್ನೊಂದು ಸಾಲು ಇತ್ತಲ್ಲ."

"ಯಾವುದು?"

"'ಅವಳನ್ನ ಶೋರೂಮಿಗೆ ಕರ್ಕೊಂಡು ಹೋಗದೇ ಇದ್ದಿದ್ರೆ ಇವತ್ತು ಮೂರು ಪಟ್ಟು ಬೆಲೆ ಬಾಳ್ತಿತ್ತು.' ಅದನ್ನೂ ಹೇಳು. ಅದಕ್ಕೂ ನಗ್ತಿದ್ರಲ್ಲ ಎಲ್ರೂ."

ವಾಲ್ಟ್ ಕುಳಿತುಕೊಂಡ.

* * *

1970ರ ಏಪ್ರಿಲ್. ಮದುವೆಗೆ ಇನ್ನೂ ಎರಡು ತಿಂಗಳಿರುವಾಗ ಎಮಿಲ್ ಡೆಲ್ಫೀನ್‌ಳನ್ನು ಶೋರೂಮಿಗೆ ಕರೆದುಕೊಂಡು ಹೋದ. ಆಗೆಲ್ಲ ಗಾಡಿಯನ್ನು ಅಂಗಡಿಯಲ್ಲಿ ನಿಂತದ್ದರಲ್ಲಿ ಆರಿಸಿಕೊಳ್ಳುವುದಕ್ಕಿಂತ, ಏನೇನು ಬೇಕೆಂದು ಕೂತು ಬರೆಸುವುದೇ ದೊಡ್ಡ ಸಂಭ್ರಮ. ಎಂಜಿನ್ ಯಾವುದು, ಗೇರು ಯಾವುದು, ಸೀಟು ಎಂಥದ್ದು, ಬಣ್ಣ ಏನು—ಹೇಳಿದ್ದನ್ನೆಲ್ಲ ಕಾರ್ಖಾನೆಯವರು ಹಾಗೇ ಜೋಡಿಸಿ ಕಳಿಸುತ್ತಿದ್ದರು.

ಎಮಿಲ್ ಎದೆಯುಬ್ಬಿಸಿ ಎಂಜಿನ್ ಹೇಳಿದ. ದೊಡ್ಡದು. ಅವನ ವಯಸ್ಸಿನ ಹುಡುಗರು ರಾತ್ರಿ ಕನವರಿಸುತ್ತಿದ್ದಂಥದ್ದು. ಮಾರಾಟದವನು ತಲೆದೂಗಿ ಬರೆದುಕೊಂಡ.

"ಗೇರು? ನಾಕು ಸ್ಪೀಡಿನ ಕೈಗೇರು ತಾನೆ?"

ಎಮಿಲ್ ಕಿವಿ ಕೆರೆದುಕೊಂಡ. ಡೆಲ್ಫೀನ್ ಅವನ ತೋಳು ಮುಟ್ಟಿದಳು. "ಆಟೋಮ್ಯಾಟಿಕ್ ಇರ್ಲಿ ಎಮಿಲ್. ನಾನೂ ಓಡಿಸ್ಬಹುದು."

ಅವನು ಅವಳನ್ನು ನೋಡಿದ ರೀತಿ! ಜನ್ಮದಲ್ಲಿ ಇನ್ನಾರೂ ಅವಳನ್ನು ಹಾಗೆ ನೋಡಿರಲಿಲ್ಲ. "ಅವಳು ಹೇಳಿದ್ದು ಬರ್ಕೊಳ್ರಿ," ಅಂದ.

ಅವಳಿಗೆ ಧೈರ್ಯ ಬಂತು. ಮುಂದಿನ ಸೀಟು ಎರಡು ಬೇರೆ ಬೇರೆ ಬೇಡ, ಬೆಂಚಿನ ಹಾಗೆ ಒಂದೇ ಇರಲಿ ಅಂದಳು. ಕರಿ ಬೇಡ, ಆ ಬಂಗಾರದ ಬಣ್ಣ ಇರಲಿ ಅಂದಳು. ಮಾರಾಟದವನು ನಗುತ್ತಾ, "ಗಾಡಿ ಯಾರ ಹೆಸರಲ್ಲಿ ಬರೀಲಿ?" ಅಂದ. ಮೂವರೂ ನಕ್ಕರು.

ಆ ಬೇಸಿಗೆಯಿಡೀ ಅವರು ನದಿದಂಡೆಯ ರಸ್ತೆ ಹಿಡಿದು ಈರಿ ಸರೋವರದ ತನಕ ಹೋಗಿಬರುತ್ತಿದ್ದರು. ಡೆಲ್ಫೀನ್ ಬಾಗಿಲ ಪಕ್ಕ ಕುಳಿತದ್ದೇ ಇಲ್ಲ. ಸೀಟಿನ ನಡುವೆ, ಅವನಿಗೆ ಅಂಟಿಕೊಂಡೇ. ಗೇರು ಬದಲಿಸುವ ಕೆಲಸವಿಲ್ಲವಾದ್ದರಿಂದ ಅವನ ಬಲಗೈ ಅವಳ ಹೆಗಲ ಮೇಲೇ ಇರುತ್ತಿತ್ತು. ಮಾರ್ಲಾ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಆ ಸೀಟಿನಲ್ಲೇ, ಇಬ್ಬರ ಮಧ್ಯೆ ಮಲಗಿ.

* * *

ಬೆಲೆಯ ಮಾತು ಶುರುವಾದದ್ದು ಬಹಳ ಕಾಲದ ಮೇಲೆ. ತಾವು ಹರೆಯದಲ್ಲಿ ಕೊಳ್ಳಲಾಗದ್ದನ್ನು ನಡುವಯಸ್ಸಿನ ಗಂಡಸರು ಹರಾಜಿನಲ್ಲಿ ಕೂಗಿ ಕೊಳ್ಳತೊಡಗಿದರು. ಎಮಿಲ್ ರಾತ್ರಿಯೂಟದ ಮೇಜಿನಲ್ಲಿ ಹರಾಜಿನ ಪತ್ರಿಕೆ ಹರಡಿಕೊಂಡು ಕೂರುತ್ತಿದ್ದ. ಅದೇ ವರ್ಷದ ಗಾಡಿ, ಅದೇ ಎಂಜಿನ್. ಆದರೆ ನೆಲದಿಂದ ಎದ್ದ ಗೇರು, ಎರಡು ಬಿಡಿ ಸೀಟು, ಕರಿ ಮೈಗೆ ಬಿಳಿ ಪಟ್ಟೆ. ಅದರ ಬೆಲೆ ಓದಿ ಪತ್ರಿಕೆ ಮಡಿಸಿ, ಒಂದು ಗಳಿಗೆ ಅವಳ ಕಡೆ ನೋಡುತ್ತಿದ್ದ. ಬೈಯುತ್ತಿರಲಿಲ್ಲ. ಬೈದಿದ್ದರೆ ಅವಳೂ ತಿರುಗಿ ಬೈಯಬಹುದಿತ್ತು.

ಪಾರ್ಕಿನಲ್ಲಿ ಜನ ಅವನ ಗಾಡಿಯ ಕಿಟಕಿಯಲ್ಲಿ ಇಣುಕಿ ಪಕ್ಕದ ಗಾಡಿಗೆ ಹೋಗುತ್ತಿದ್ದರು. ಹೋಗದಂತೆ ತಡೆದು ನಿಲ್ಲಿಸಲು ಎಮಿಲ್ ಆ ಚಟಾಕಿ ಕಟ್ಟಿಕೊಂಡ. ಮಡಚುವ ಕುರ್ಚಿಯಲ್ಲಿ ಅವನ ಪಕ್ಕ ಕೂತು, ಬೇಸಿಗೆ ಬೇಸಿಗೆ ಅದನ್ನು ಕೇಳುತ್ತಾ ಡೆಲ್ಫೀನ್ ಹೆಣೆಯುವ ಕಡ್ಡಿಗಳನ್ನು ಆಡಿಸುತ್ತಿದ್ದಳು. ಮೊದಮೊದಲು ಅವಳೂ ನಗುತ್ತಿದ್ದಳು.

ಕಾರ್ಖಾನೆ ಮುಚ್ಚಿದ ವರ್ಷ ಕೈಗೆ ಬಂದ ದುಡ್ಡು ತೆಗೆದುಕೊಂಡು ಎಮಿಲ್ ಗಾಡಿಯನ್ನು ಒಬ್ಬ ಮೆಕ್ಯಾನಿಕ್ಕಿನ ಶೆಡ್ಡಿಗೆ ಬಿಟ್ಟ. ಡೆಲ್ಫೀನ್ "ಬೇಡ" ಅಂದಳು. "ನಿನ್ನ ಮಾತು ಒಂದು ಸಲ ಕೇಳಿದ್ದು ಸಾಕು," ಅಂದ. ಚಳಿಗಾಲ ಕಳೆಯುವಷ್ಟರಲ್ಲಿ ಗಾಡಿ ಕರ್ರಗೆ ಮಿರಮಿರ ಮಿಂಚುತ್ತಾ ಮನೆಗೆ ಬಂತು, ಕೈಗೇರು, ಬಿಡಿ ಸೀಟು ಎಲ್ಲ ಸಮೇತ. ಹಳೆಯ ಬೆಂಚ್ ಸೀಟನ್ನು ಅವನು ಕಸದ ಲಾರಿಗೆಂದು ರಸ್ತೆಯಂಚಿನಲ್ಲಿ ಇಟ್ಟ. ಡೆಲ್ಫೀನ್ ಹೋಗಿ ಅದರ ಮೇಲೆ ಕುಳಿತಳು. ಎದುರುಮನೆಯ ಗ್ಲೆಂಡಾ ಬಾಗಿಲು ತೆರೆದು, "ಯಾಕೇ, ಬಸ್ಸು ಕಾಯ್ತಿದೀಯಾ?" ಎಂದು ನಕ್ಕಳು. "ಹೂಂ, ಬರತ್ತೆ ಈಗ," ಅಂದಳು ಡೆಲ್ಫೀನ್. ಲಾರಿ ಬಂದ ಮೇಲೆ ಎದ್ದಳು.

ಮೊದಲ ದಿನ ಎಮಿಲ್ ಅವಳನ್ನು ಜೆಫರ್ಸನ್ ರಸ್ತೆಯುದ್ದಕ್ಕೂ ಸುತ್ತಾಡಿಸಿದ. ಇಬ್ಬರ ನಡುವೆ ಮೊಣಕೈ ಎತ್ತರದ ಪೆಟ್ಟಿಗೆ, ಅದರಿಂದ ಎದ್ದ ಗೇರಿನ ಕಡ್ಡಿ, ಅದರ ಮೇಲೆ ಅವನ ಬಲಗೈ. ಅವನ ಮುಖ ಎಷ್ಟು ಬೆಳಗಿತ್ತೆಂದರೆ ಅವಳಿಗೆ ನೋಡಲಾಗಲಿಲ್ಲ. "ಈಗ ಇದು ನನ್ನ ಗಾಡಿ," ಅಂದ.

ಮರುವರ್ಷ ಟೊಲಿಡೊದ ದೊಡ್ಡ ಪ್ರದರ್ಶನಕ್ಕೆ ಒಯ್ದ. ಅಲ್ಲಿ ಗಾಡಿ ಪರೀಕ್ಷಿಸುವ ಮುದುಕ ಟಾರ್ಚು ಹಿಡಿದು ಎಂಜಿನ್ನಿನ ಹಿಂದಿನ ಗೋಡೆಗೆ ಹೊಡೆದ ಸಣ್ಣ ತಗಡನ್ನು ಓದಿದ. "ಬಂಗಾರದ ಬಣ್ಣ ಅಂತಿದೆ ಇದರಲ್ಲಿ. ಬೆಂಚ್ ಸೀಟು ಅಂತಿದೆ. ಈ ಗೇರುಪೆಟ್ಟಿಗೆ ಬೇರೆ ಯಾವುದೋ ಗಾಡೀದು, ಅಲ್ವಾ?"

"ಬದಲಾಯಿಸಿದೆ," ಅಂದ ಎಮಿಲ್. "ಬೆಲೆ ಬರ್ಲಿ ಅಂತ."

"ಒಂದೇ ಕೈಯಲ್ಲಿದ್ದ ಗಾಡಿ, ಎಂಜಿನ್ ಹುಟ್ಟಾ ಇದರದ್ದೇ. ಜನ ಈಗ ಏನು ಹುಡುಕ್ತಾರೆ ಗೊತ್ತಾ ಸ್ವಾಮಿ? ಯಾರೂ ಕೈ ಹಚ್ಚದೇ ಇರೋದನ್ನ. ಅದರಲ್ಲೂ ಇಷ್ಟು ದೊಡ್ಡ ಎಂಜಿನ್ನಿಗೆ ಆ ಸೀಟು, ಆ ಬಣ್ಣ ಬರೆಸಿದೋರು ಎಲ್ಲೋ ಒಬ್ಬಿಬ್ರು. ಸುಮ್ನೆ ಬಿಟ್ಟಿದ್ರೆ..." ಮುದುಕ ಟಾರ್ಚು ಆರಿಸಿದ. "ಚೆನ್ನಾಗೇ ಇದೆ. ಓಡಾಡೋಕೆ ಚೆನ್ನಾಗಿದೆ."

ಮನೆಯ ದಾರಿಯಲ್ಲಿ ಎಮಿಲ್ ಮೂರು ಸಲ ರೇಡಿಯೋ ಹಾಕಿ ಆರಿಸಿದ. ಕೊನೆಗೆ ಅಂದ: "ಅವತ್ತು ಶೋರೂಮಿಗೆ ನೀನು ಬರದೇ ಇದ್ದಿದ್ರೆ ನಾನು ಇದಕ್ಕೆಲ್ಲ ಕೈ ಹಾಕ್ತಾನೇ ಇರ್ಲಿಲ್ಲ." ಡೆಲ್ಫೀನ್ ತನ್ನ ಕಡೆಯ ಕಿಟಕಿಯಾಚೆ ನೋಡುತ್ತಾ ಕುಳಿತಳು. ಗಾಡಿ ಗ್ಯಾರೇಜಿನಲ್ಲಿ ಮುಸುಕು ಹೊದ್ದುಕೊಂಡಿತು. ಆ ಮಾತನ್ನು ಅವರಿಬ್ಬರೂ ಮತ್ತೆಂದೂ ಎತ್ತಲಿಲ್ಲ.

ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಮಾತೂ ಹೋಗಿ, "ಹೌದು ಹೌದು" ಎಂಬುದೊಂದೇ ಉಳಿಯಿತು. ಸೂಪು ಬೇಕೇ ಅಂದರೂ ಹೌದು ಹೌದು, ನೋವಿದೆಯೇ ಅಂದರೂ ಹೌದು ಹೌದು. ಡೆಲ್ಫೀನ್ ಮಂಚದ ಮೇಲೆ ಅವನ ಬಲಕ್ಕೆ ಕೂತು, ಆ ಕೈಯೆತ್ತಿ ತನ್ನ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ಅದು ಜಾರಿ ಬೀಳುತ್ತಿತ್ತು. ಒಂದು ಮಧ್ಯಾಹ್ನ, ಕೇಳಬಾರದೆಂದು ಗೊತ್ತಿದ್ದೂ ಕೇಳಿಬಿಟ್ಟಳು: "ಎಲ್ಲ ನನ್ನದೇ ತಪ್ಪಾ ಎಮಿಲ್?"

"ಹೌದು ಹೌದು," ಅಂದ ಅವನು, ಅವಳ ಮುಖವನ್ನೇ ನೋಡುತ್ತಾ.

* * *

ಕೋಟು ನೇತುಹಾಕುವ ಜಾಗದಲ್ಲಿ ವಾಲ್ಟ್ ಅವಳಿಗಾಗಿ ಕಾದಿದ್ದ. ಕಣ್ಣು ಕೆಂಪಾಗಿತ್ತು.

"ಡೆಲ್ಫೀನ್, ಒಂದು ಮಾತಿದೆ."

"ಇನ್ನೇನು ಉಳಿದಿದೆ ವಾಲ್ಟ್, ಅದನ್ನೂ ಹೇಳಿ ಮುಗಿಸು."

"ಅವನಿಗೆ ಕೈಗೇರು ಬರ್ತಿರ್ಲಿಲ್ಲ."

ಡೆಲ್ಫೀನ್ ಕೋಟಿನ ಒಂದು ತೋಳು ಹಾಕಿಕೊಂಡವಳು ಹಾಗೇ ನಿಂತಳು.

"ನಿಮ್ ಮದುವೆಗೆ ಮುಂಚಿನ ಬೇಸಿಗೇಲಿ ನಮ್ಮಪ್ಪನ ಟ್ರಕ್ಕಲ್ಲಿ ಕಲಿಸೋಕೆ ಹೋದೆ. ಸಿಗ್ನಲ್ಲಲ್ಲಿ ಎಂಜಿನ್ ಆಫ್ ಮಾಡಿ ಮಾಡಿ ನಿಲ್ಸಿದ. ಕ್ಲಚ್ಚು ಸುಟ್ಟು ಊರೆಲ್ಲ ಹೊಗೆ. ಹುಡುಗ್ರು ರಸ್ತೇಲಿ ನಿಂತ್ಕೊಂಡು ಚಪ್ಪಾಳೆ ಹೊಡೆದ್ರು. ಅವತ್ತು ಇಳಿದು ಹೋದೋನು ಮತ್ತೆ ಮುಟ್ಲಿಲ್ಲ. ಆಟೋಮ್ಯಾಟಿಕ್ ಬೇಕು ಅಂತ ಬಾಯಿ ಬಿಟ್ಟು ಹೇಳೋಕೆ ನಾಚಿಕೆ. ಶೋರೂಮಿಂದ ಸೀದಾ ನನ್ನ ಹತ್ರ ಬಂದ. 'ಬದುಕಿಕೊಂಡೆ ಕಣೋ, ಅವಳೇ ಕೇಳಿಬಿಟ್ಲು' ಅಂದ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಪ್ರತೀ ಭಾನುವಾರ ನಗ್ತಿದ್ದೆ."

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿಸ್ಕೊಂಡಿದ್ದ. ಗಾಡಿ ಬದಲಾಯಿಸಿದಾಗ ನಾನೇ ಮತ್ತೆ ಕಲಿಸ್ದೆ, ಆ ಮುಚ್ಚಿಹೋದ ಮಾಲ್ ಮುಂದೆ. ಅರವತ್ತು ದಾಟಿದ ಮುದುಕ, ಮಗು ಥರ..." ವಾಲ್ಟ್ ಮೂಗೊರೆಸಿಕೊಂಡ. "ಗಂಡಸರ ಪಾಡು ನಿನಗೆ ಗೊತ್ತಲ್ಲ—"

"ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಇಷ್ಟು ವರ್ಷ ಹೊತ್ತದ್ದು ಈಗ ಇಳಿಯಬೇಕಿತ್ತು. ಇಳಿಯಲಿಲ್ಲ. ಹೆಗಲ ಮೇಲಿನ ಹೊರೆ ತನ್ನದಲ್ಲವೆಂದು ತಿಳಿದಾಗ ಅದರ ಒಡೆಯ ಮಣ್ಣಿನಡಿ ಇದ್ದ, ಹಿಂತಿರುಗಿಸುವುದಕ್ಕೂ ಜಾಗವಿಲ್ಲ. ಅವಳು ಇನ್ನೊಂದು ತೋಳು ಹಾಕಿಕೊಂಡಳು.

"ಸೀಟು?" ಎಂದಳು. "ಅವತ್ತು ಬೆಂಚ್ ಸೀಟಿನ ಬಗ್ಗೆ ಏನಾದ್ರೂ ಅಂದಿದ್ನಾ?"

ವಾಲ್ಟ್ ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದ. ಸುಳ್ಳು ಹೇಳಬಹುದಿತ್ತು, ಅದು ಅವನಿಗೆ ಹೊಳೆಯಲಿಲ್ಲ.

"ಇಲ್ಲ ಕಣಮ್ಮ. ಸೀಟಿನ ಸುದ್ದಿ ಏನೂ ಎತ್ತಿರ್ಲಿಲ್ಲ."

* * *

ಮನೆಗೆ ಬಂದಾಗ ಓಣಿಯಲ್ಲಿ ಗಾಡಿಗಳನ್ನು ಹೊತ್ತೊಯ್ಯುವ ಉದ್ದನೆಯ ಚಪ್ಪಟೆ ಲಾರಿ ನಿಂತಿತ್ತು. ಹಳೆಯ ಗಾಡಿಗಳ ವ್ಯಾಪಾರಿ ಹಾರ್ಲನ್ ಪ್ರೂಯಿಟ್. ಇನ್ನೊಂದು ಗಾಡಿ ತರಲು ಈ ಕಡೆ ಬಂದವನು, ಅದು ಕುದುರದೆ ಬರಿಗೈಯಲ್ಲಿ ಹೊರಟಿದ್ದನಂತೆ. ಮಾರ್ಲಾಳೇ ಫೋನು ಮಾಡಿ ಕರೆಸಿದ್ದಳು. "ಸುಮ್ನೆ ನೋಡ್ಕೊಂಡು ಹೋಗ್ಲಿ ಅಂತಮ್ಮ. ನಾಡಿದ್ದು ನಾನು ಹೊರಡಬೇಕು. ಕೋಪ ಮಾಡ್ಕೋಬೇಡ."

ಪ್ರೂಯಿಟ್ ಟೋಪಿ ತೆಗೆದು ಸಂತಾಪ ಹೇಳಿದ. ಮುಸುಕು ಸರಿಸಿ, ಬಾನೆಟ್ ಎತ್ತಿ, ತಗಡು ಓದಿದ. ತುಟಿ ಕಚ್ಚಿಕೊಂಡ.

"ಮೇಡಂ, ಇಂಥ ದಿನ ಬೆಲೆ ಮಾತಾಡೋದು ನನಗೂ ಕಷ್ಟ. ಆದ್ರೆ ನಿಮ್ಮವರು ಇದಕ್ಕೆ ಸುರಿದಷ್ಟು ವಾಪಸ್ ಬರಲ್ಲ."

"ನೀವು ತಗೊಂಡು ಏನು ಮಾಡ್ತೀರಿ?"

"ಮತ್ತೆ ಮೊದಲಿನ ಹಾಗೆ ಮಾಡ್ತೀನಿ. ಬಂಗಾರದ ಬಣ್ಣ, ಆಟೋಮ್ಯಾಟಿಕ್ಕು, ಬೆಂಚ್ ಸೀಟು. ಆ ಸೀಟಿನ ಬಟ್ಟೇನೂ ಈಗ ಹೊಸದಾಗಿ ನೇಯ್ತಾರೆ. ಅದೇ ಗೆರೆ, ಅದೇ ಹೊಲಿಗೆ. ಕೂತ್ರೆ ನಿಮಗೇ ವ್ಯತ್ಯಾಸ ಗೊತ್ತಾಗಲ್ಲ."

"ಹಾಗೆ ಮಾಡಿದ್ರೆ ಮುಂಚಿನ ಬೆಲೆ ಬರತ್ತಾ?"

"ಇಲ್ಲ ಮೇಡಂ. ಒಂದು ಸಲ ಬಿಚ್ಚಿದ್ದು ಬಿಚ್ಚಿದ್ದೇ." ಅವನು ಬಾನೆಟ್ ಇಳಿಸಿದ. "ಇದನ್ನ ಹೀಗೆ ಬರೆಸಿದ್ದು ಯಾರು? ಇಂಥಾ ಎಂಜಿನ್ ತಗೊಂಡು ಬೆಂಚ್ ಸೀಟು ಹಾಕಿಸಿದೋರು, ಪ್ರೀತಿಯ ಮನುಷ್ಯ ಇರ್ಬೇಕು."

ಮಾರ್ಲಾ ತಾಯಿಯ ಕಡೆ ನೋಡಿದಳು. ಜೊತೆಗೇ ಬಂದಿದ್ದ ವಾಲ್ಟ್ ನೆಲ ನೋಡಿದ.

"ಆಟೋಮ್ಯಾಟಿಕ್ ಅವನು ಬಯಸಿದ್ದು," ಎಂದಳು ಡೆಲ್ಫೀನ್. "ಸೀಟು ನಾನು."

ಪ್ರೂಯಿಟ್‌ಗೆ ಅರ್ಥವಾಗಲಿಲ್ಲ. ನಯವಾಗಿ ತಲೆಯಾಡಿಸಿದ. "ಮುಂದಿನ ವಾರ ಬಂದು ಮಾತಾಡ್ತೀನಿ. ಅವಸರವೇನಿಲ್ಲ."

"ಇವತ್ತೇ ಒಯ್ಯಿರಿ."

"ಅಮ್ಮಾ, ಇವತ್ತಾ? ಜನ ಏನಂತಾರೆ?"

"ಅನ್ಲಿ. ನಗೋಕೆ ಹೊಸದೇನಾದ್ರೂ ಬೇಕಲ್ಲ ಅವರಿಗೂ."

ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಲಾರಿಯ ಸರಪಳಿ ಗ್ಯಾರೇಜಿನ ತನಕ ಎಟುಕಲಿಲ್ಲ. ಊಟ ಮುಗಿಸಿ ಮನೆಗೆ ಬಂದಿದ್ದ ಗಂಡಸರು, ಎಮಿಲ್‌ನ ತಮ್ಮಂದಿರ ಮಕ್ಕಳು, ಕ್ಲಬ್ಬಿನ ಇಬ್ಬರು, ಎದುರುಮನೆಯ ಗ್ಲೆಂಡಾಳ ಗಂಡ, ಕರಿ ಕೋಟು ತೊಟ್ಟಂತೆಯೇ ಗಾಡಿಯ ಮೂತಿಯ ಬಳಿ ಬಂದು ನಿಂತರು. ವಾಲ್ಟ್ ಗೇರು ಬಿಡಿಸಿ, ಮಂಡಿ ಹಿಡಿದುಕೊಂಡು ಈಚೆ ಬಂದ.

"ಸ್ಟಿಯರಿಂಗ್ ಹಿಡಿಯೋಕೆ ಒಬ್ರು ಬೇಕಲ್ರೋ. ಮಾರ್ಲಾ?"

"ನಾನು ಕೂರ್ತೀನಿ," ಅಂದಳು ಡೆಲ್ಫೀನ್.

"ನೇರ ಹಿಡ್ಕೊಂಡ್ರೆ ಸಾಕು ದೊಡ್ಡಮ್ಮ," ಎಂದ ಒಬ್ಬ. "ಮಿಕ್ಕಿದ್ದು ನಾವು ನೋಡ್ಕೋತೀವಿ."

ಅವಳು ಎಮಿಲ್‌ನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡಳು. ಹಿಂದೆ ನೋಡುವ ಕನ್ನಡಿ ಅವನ ಎತ್ತರಕ್ಕೆ ತಿರುಗಿತ್ತು. ಅದರಲ್ಲಿ ಅವಳಿಗೆ ರಸ್ತೆ ಕಾಣಲಿಲ್ಲ, ಗ್ಯಾರೇಜಿನ ಸೂರು ಕಂಡಿತು. ಅದನ್ನು ಮುಟ್ಟಿ ತಿರುಗಿಸಿಕೊಳ್ಳಲಿಲ್ಲ. ಗಾಜಿನಾಚೆ ಗಂಡಸರು ಬಗ್ಗಿ ಬಾನೆಟ್ಟಿಗೆ ಅಂಗೈ ಕೊಟ್ಟು ತಲೆ ತಗ್ಗಿಸಿದರು. ಯಾರ ಮುಖವೂ ಕಾಣುತ್ತಿರಲಿಲ್ಲ, ಬಾಯಿಯ ಆವಿ ಮಾತ್ರ. ಗಾಡಿ ಒಂದು ಸಲ ನರಳಿ ಹಿಂದಕ್ಕೆ ಉರುಳತೊಡಗಿತು. ಕನ್ನಡಿಯಲ್ಲಿ ಸೂರು ಮುಗಿದು ಬೂದಿಬಣ್ಣದ ಆಕಾಶ ಬಂತು.

"ಸಾಕು, ಸಾಕು! ಬಂತು!" ಎಂದು ವಾಲ್ಟ್ ಹಿಂದಿನಿಂದ ಕೂಗಿದ. ಗಂಡಸರು ಕೈ ತೆಗೆದು, ಉಫ್ ಎಂದು ಊದಿಕೊಳ್ಳುತ್ತಾ ಲಾರಿಯ ಕಡೆ ನಡೆದರು. ಡೆಲ್ಫೀನ್ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದಳು. ಎದುರಿಗೆ ಕರಿ ಬಾನೆಟ್ಟಿನ ಮೇಲೆ ಉದ್ದಕ್ಕೂ ಅಂಗೈಗಳ ಗುರುತು ಮೂಡಿತ್ತು. ಆಲಿಕಲ್ಲಿನ ಪುಡಿ ಒಂದೊಂದೇ ಬಿದ್ದು ಮೊದಲು ಬೆರಳುಗಳನ್ನು ಮುಚ್ಚಿತು, ಆಮೇಲೆ ಅಂಗೈಗಳನ್ನು.